ನಾಟಾ ಎತ್ತುವವರ ಕೆಲಸ ಮತ್ತು ಬರಲಿರುವ ಯಂತ್ರ

ತೀರ್ಥಹಳ್ಳಿ ಸೀಮೆಯ ನಮ್ಮೂರಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಕಳೆದ ವಾರ ಅಕೇಶಿಯಾ ಕಡಿತಲೆ ನಡೆಯುತ್ತಿತ್ತು. ಲಾಗ್ ಲೋಡರ್ ನಡೆಸುವ ನಮ್ಮ ನೆರೆಮನೆಯವರು ದಿಮ್ಮಿಯನ್ನು ಲಾರಿಗೆ ಏರಿಸುವುದನ್ನು ಧರೆಯ ಮೇಲೆ ನಿಂತು ನೋಡುತ್ತಿದ್ದೆ. ರಾತ್ರಿಯ ಮಳೆಗೆ ಕೆಂಪು ಮಣ್ಣು ಜಾರುತ್ತಿತ್ತು. ಇಕ್ಕಳದಲ್ಲಿ ದಿಮ್ಮಿ ಹಿಡಿದವರು ಅದನ್ನು ಒಂದು ಗೇಣು ಮಾತ್ರ ಎತ್ತಿ ತಡೆದರು. ಎಂಜಿನ್ನಿನ ಸದ್ದು ಭಾರಕ್ಕೆ ಕುಗ್ಗಿದ್ದನ್ನು ಆಲಿಸಿ ಮತ್ತೆ ಕೆಳಗಿಟ್ಟು, ಬುಡದ ಕಡೆಗೆ ಒಂದು ಮೊಳ ಸರಿಸಿ ಹಿಡಿದು, ಆಮೇಲೆ ಮೇಲೆತ್ತಿದರು. ಏಕೆಂದು ಕೇಳಿದೆ. "ಬುಡ ಇನ್ನೂ ಹಸಿ ಇದೆ, ಹಾಗೇ ಎತ್ತಿದ್ದರೆ ತುದಿ ಮೇಲೆದ್ದು ಕ್ಯಾಬಿನ್ನಿಗೇ ಬರುತ್ತಿತ್ತು" ಎಂದರು. ಆ ಒಂದು ಮೊಳದ ಅಂದಾಜನ್ನು ಅವರು ಹದಿನೇಳು ವರ್ಷದ ದುಡಿಮೆಯಲ್ಲಿ ಕಲಿತಿದ್ದಾರೆ.

2013ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಬೆನೆಡಿಕ್ಟ್ ಫ್ರೇ ಮತ್ತು ಮೈಕೆಲ್ ಓಸ್ಬೋರ್ನ್ 702 ಬಗೆಯ ಉದ್ಯೋಗಗಳನ್ನು ಪರಿಶೀಲಿಸಿ, ಅಮೆರಿಕದ ಶೇ. 47ರಷ್ಟು ಉದ್ಯೋಗಗಳು ಕಂಪ್ಯೂಟರುಗಳ ಪಾಲಾಗುವ ಹೆಚ್ಚಿನ ಅಪಾಯದಲ್ಲಿವೆ ಎಂದು ಅಂದಾಜಿಸಿದರು. ಮರ ಕಡಿದು ಸಾಗಿಸುವ ಯಂತ್ರಗಳ ಚಾಲಕರು ಆ ಹೆಚ್ಚಿನ ಅಪಾಯದ ಗುಂಪಿನಲ್ಲಿಯೇ ಇದ್ದಾರೆ. ದಿಮ್ಮಿಯ ಅಳತೆ ತೆಗೆದು ದರ್ಜೆ ಹೇಳುವವರ ಸ್ಥಿತಿ ಅವರಿಗಿಂತಲೂ ಕಷ್ಟ. ಈ ಲೆಕ್ಕ ತಂತ್ರಜ್ಞಾನದಿಂದ ಏನು ಸಾಧ್ಯವೆಂಬ ಅಂದಾಜೇ ಹೊರತು ಇಂಥ ವರ್ಷ ಕೆಲಸ ಹೋಗುತ್ತದೆ ಎಂಬ ಭವಿಷ್ಯವಲ್ಲ ಎಂಬುದನ್ನು ಮರೆಯಬಾರದು. ಆದರೂ ಅದನ್ನು ದೂರದ ದೇಶದ ಸುದ್ದಿಯೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಹಾರ್ವೆಸ್ಟರ್ ಎಂಬ ಒಂದೇ ಯಂತ್ರ ಮರವನ್ನು ಹಿಡಿದು, ಬುಡ ಕೊಯ್ದು, ರೆಂಬೆ ಸವರಿ, ಉದ್ದ ದಪ್ಪಗಳನ್ನು ತಾನೇ ಅಳೆದು, ಎಲ್ಲಿ ತುಂಡರಿಸಿದರೆ ಹೆಚ್ಚು ಬೆಲೆ ಬರುತ್ತದೆಂದು ಲೆಕ್ಕ ಹಾಕುತ್ತದೆ. ತುಂಡುಗಳನ್ನು ಹೇರಿಕೊಂಡು ರಸ್ತೆಬದಿಗೆ ತರುವ ಫಾರ್ವರ್ಡರ್‌ನಲ್ಲಿ ಕ್ರೇನಿನ ಒಂದೊಂದು ಕೀಲನ್ನೂ ಚಾಲಕ ಬೇರೆಬೇರೆಯಾಗಿ ಆಡಿಸಬೇಕಿತ್ತು. ಈಗ ತುದಿ ಎಲ್ಲಿಗೆ ಹೋಗಬೇಕೆಂದು ತೋರಿಸಿದರೆ ಉಳಿದದ್ದನ್ನು ಯಂತ್ರವೇ ಹೊಂದಿಸಿಕೊಳ್ಳುವ ವ್ಯವಸ್ಥೆ ಬಂದಿದೆ. ಚಾಲಕನೇ ಇಲ್ಲದ ಫಾರ್ವರ್ಡರ್‌ನ ಪ್ರಯೋಗವೂ ಸ್ವೀಡನ್ನಿನಲ್ಲಿ ಆಗಿದೆ. ನಮ್ಮ ಇಳಿಜಾರಿಗೆ ಇಂಥದ್ದೆಲ್ಲ ಬಾರದು ಎನ್ನುವವರು ನ್ಯೂಜಿಲೆಂಡ್ ಕಡೆ ನೋಡಬೇಕು. ಅಲ್ಲಿ ಕಡಿದಾದ ಗುಡ್ಡಗಳಲ್ಲಿ ಯಂತ್ರವನ್ನು ಮೇಲಿನಿಂದ ಉಕ್ಕಿನ ಹಗ್ಗದಲ್ಲಿ ಬಿಗಿದು ಇಳಿಸುತ್ತಾರೆ.

ಮಲೆನಾಡಿಗೆ ನಾಳೆಯೇ ಹಾರ್ವೆಸ್ಟರ್ ಬರುವುದಿಲ್ಲ, ನಿಜ. ಇಲ್ಲಿಯದು ತುಂಡು ಹಿಡುವಳಿ. ತೋಟದ ಅಂಚಿನ ಹತ್ತು ಸಿಲ್ವರ್ ಓಕ್ ಮರಗಳಿಗಾಗಿ ಅಷ್ಟು ಬೆಲೆಯ ಯಂತ್ರ ತರಿಸುವವರಿಲ್ಲ. ದಟ್ಟ ಮರಗಳ ಅಡಿಯಲ್ಲಿ ಉಪಗ್ರಹದ ಸಂಕೇತವೂ ಸರಿಯಾಗಿ ಸಿಗುವುದಿಲ್ಲ. ಆದರೆ ಸಾಲಾಗಿ ನೆಟ್ಟ, ಒಂದೇ ವಯಸ್ಸಿನ ಅಕೇಶಿಯಾ ಮತ್ತು ನೀಲಗಿರಿಯ ನೆಡುತೋಪುಗಳು ನಮ್ಮಲ್ಲಿಯೂ ಇವೆ, ಯಂತ್ರಕ್ಕೆ ಬೇಕಾದದ್ದು ಅಂಥ ಏಕರೂಪವೇ. ನನ್ನ ಭಯ ಖಾಲಿ ಕ್ಯಾಬಿನ್ನಿನದಲ್ಲ. ಮೊದಲು ಅಳತೆ, ಆಮೇಲೆ ಹಿಡಿಯುವ ಜಾಗದ ಆಯ್ಕೆ, ಆಮೇಲೆ ತೋಳಿನ ಚಲನೆ ಹೀಗೆ ಒಂದೊಂದೇ ತೀರ್ಮಾನ ಯಂತ್ರದ ಪಾಲಾಗಿ, ಸೀಟಿನಲ್ಲಿ ಕುಳಿತವನ ಅಪಾಯ ಮಾತ್ರ ಹಾಗೇ ಉಳಿದು, 'ಈಗ ಯಾರು ಬೇಕಾದರೂ ನಡೆಸಬಹುದು' ಎಂದು ಕೂಲಿ ಇಳಿಯುವ ದಿನದ ಭಯ ಅದು.

ಇಂಥ ಬದಲಾವಣೆಯನ್ನು ನಮ್ಮ ಶಿವಮೊಗ್ಗ ಜಿಲ್ಲೆ ಹಿಂದೆಯೂ ಕಂಡಿದೆ. 1918ರಲ್ಲಿ ಕಟ್ಟಲು ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಇದ್ದಿಲಿಗೆ ಸುತ್ತಲಿನ ಕಾಡುಗಳ ಸೌದೆಯೇ ಬೇಕಾಗಿತ್ತು. ಕಾಡಿನ ದಿಮ್ಮಿ ಎಳೆಯುತ್ತಿದ್ದ ಆನೆಗಳನ್ನು ಸಕ್ರೆಬೈಲಿನ ಆನೆ ಬಿಡಾರದಲ್ಲಿ ಈಗ ಪ್ರವಾಸಿಗರು ಬಂದು ನೋಡುತ್ತಾರೆ. ದಿಮ್ಮಿಗೆ ಹೆಗಲು ಕೊಟ್ಟು ಲಾರಿಗೆ ಏರಿಸುತ್ತಿದ್ದ ಹಮಾಲಿಗಳ ಗುಂಪು ನಮ್ಮೂರಿನಲ್ಲಿಯೂ ಇತ್ತು. ಲೋಡರ್ ಬಂದ ಮೇಲೆ ಅವರಲ್ಲಿ ಕೆಲವರು ತೋಟದ ಕೆಲಸಕ್ಕೆ ಹೋದರು, ಕೆಲವರು ಊರನ್ನೇ ಬಿಟ್ಟರು. ನಮ್ಮ ನೆರೆಮನೆಯವರು ಕುಳಿತಿರುವುದು ಆ ಗುಂಪಿನ ಜಾಗದಲ್ಲಿಯೇ, ಮತ್ತು ಅದನ್ನು ಅವರೇ ನನಗೆ ಹೇಳಿದರು.

ಎರಡು ವರ್ಷದ ಹಿಂದೆ ಉರುಳಿದ ದಿಮ್ಮಿಗೆ ಸಿಕ್ಕಿ ಅವರ ಎಡಗಾಲು ಮುರಿದಿತ್ತು. ಪರಿಹಾರ ಕೇಳಲು ಅವರ ಜೊತೆಗೆ ನಾನೂ ಹೋಗಿದ್ದೆ. ಗುತ್ತಿಗೆದಾರರು ತೋರಿಸಿದ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು 'ಕೂಲಿ' ಎಂಬ ಒಂದೇ ಪದ. ಯಂತ್ರ ಬಂದಾಗ ಹೊಸ ತರಬೇತಿ ಯಾರಿಗೆ ಎಂಬ ಪ್ರಶ್ನೆ ಎದ್ದರೆ, ಉತ್ತರ ಸಿಗುವುದು ಇಂಥ ಪುಸ್ತಕಗಳಲ್ಲೇ. ಆದ್ದರಿಂದ ರೋಬೋಟಿನ ಚರ್ಚೆಗಿಂತ ಮೊದಲು ಈ ಪದ ಬದಲಾಗಬೇಕು. ನಮ್ಮ ದೇಶದ 2015ರ ಉದ್ಯೋಗ ವರ್ಗೀಕರಣದಲ್ಲಿ ಕೃಷಿ ಮತ್ತು ಅರಣ್ಯ ಯಂತ್ರಗಳ ಚಾಲಕರಿಗೆ 8341 ಎಂಬ ಪ್ರತ್ಯೇಕ ಗುಂಪೇ ಇದೆ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ ಉದ್ಯೋಗವನ್ನು ನಮೂದಿಸಬಹುದು. ಅನುಭವದಿಂದ ಕಲಿತ ಕೆಲಸಕ್ಕೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಏರ್ಪಾಡೂ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ನಮ್ಮ ಜಿಲ್ಲೆಯ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇರುವಾಗ, ಮಳೆಗಾಲದ ಬಿಡುವಿನಲ್ಲಿ ಈ ಚಾಲಕರಿಗೆ ಹೊಸ ಯಂತ್ರಗಳ ತರಬೇತಿಯನ್ನು ಜಿಲ್ಲೆಯಲ್ಲಿಯೇ ಕೊಡಿಸುವುದು ಆಗದ ಮಾತೇನಲ್ಲ. ಪಾಠ ಹೇಳುವವರಲ್ಲಿ ಹಸಿ ಬುಡದ ಭಾರ ಬಲ್ಲ ಇಂಥವರೂ ಇರಬೇಕೆಂಬುದು ನನ್ನ ಒತ್ತಾಯ.

ಸಾಲ ಮಾಡಿ ಸ್ವಂತ ಲೋಡರ್ ಕೊಳ್ಳಲೇ ಎಂದು ಅವರು ನನ್ನನ್ನು ಕೇಳಿದರು. ಐದು ವರ್ಷದ ಕಂತು ಎಂದರೆ ಐದು ವರ್ಷದ ಕೆಲಸದ ಭರವಸೆ ಬೇಕು. ಈಗ ನಡೆಸುತ್ತಿರುವ ಹಳೆಯದನ್ನೇ ದುರಸ್ತಿ ಮಾಡಿಸಿ ಓಡಿಸಿ ಎಂದೆ. ಒಂದು ನೋಟ್‌ಬುಕ್ಕನ್ನೂ ಕೊಟ್ಟು ಬಂದೆ. ಎಷ್ಟು ಗಂಟೆ, ಯಾವ ಯಂತ್ರ, ಯಾರ ಜಾಗ ಎಂದು ಅವರ ಮಗಳು ಪ್ರತಿ ಸಂಜೆ ಅದರಲ್ಲಿ ಬರೆಯುತ್ತಿದ್ದಾಳೆ.