ಬಾಯ್ಬಿಟ್ಟನೋ, ಬಾಯಿ ಬಿಡಿಸಿದರೋ?

‘ಬಾಯ್ಬಿಟ್ಟ ಸ್ಫೋಟಕ ಸತ್ಯ!’ ಗಡಿಯಲ್ಲಿ ಗುಂಡು ಹಾರಿ ಸೆರೆಯಾಳೊಬ್ಬ ಸಿಕ್ಕ ಕೂಡಲೇ ಟಿ.ವಿ. ಪರದೆಯ ಕೆಳಗೆ ಇಂಥ ಪಟ್ಟಿ ಓಡತೊಡಗುತ್ತದೆ. ಬಾಯಿ ಬಿಡಿಸಿದವರು ಯಾರು, ಹೇಗೆ ಬಿಡಿಸಿದರು ಎಂಬುದು ಅದರಲ್ಲಿ ಇರುವುದಿಲ್ಲ. ‘ಬಿಡಿಸಿದ್ದು’ ‘ಬಿಟ್ಟದ್ದು’ ಆಗುವುದು ಸುದ್ದಿಮನೆಯಲ್ಲೇ.

ಅಲ್-ಖೈದಾ ನಂಟಿನ ಶಂಕೆಯಿದ್ದ ಇಬ್ನ್ ಅಲ್-ಶೇಖ್ ಅಲ್-ಲಿಬಿಯ ಪ್ರಕರಣ ನೋಡಿ. 2001ರ ಕೊನೆಗೆ ಸಿಕ್ಕಿಬಿದ್ದ ಈತನನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಈಜಿಪ್ಟಿಗೆ ಸಾಗಿಸಿತು. ಅವನೇ ಆಮೇಲೆ ಹೇಳಿದ ಪ್ರಕಾರ, ಅಲ್ಲಿ 50 ಸೆಂ.ಮೀ. ಉದ್ದ, ಅಷ್ಟೇ ಅಗಲದ ಪೆಟ್ಟಿಗೆಯಲ್ಲಿ ಸುಮಾರು 17 ಗಂಟೆ ತುರುಕಿಟ್ಟರು, ಹೊರಗೆಳೆದು 15 ನಿಮಿಷ ಗುದ್ದಿದರು. ಅಲ್-ಖೈದಾಕ್ಕೂ ಇರಾಕಿಗೂ ಏನು ನಂಟು ಅಂತ ಕೇಳಿದರೆ ಕಥೆ ಕಟ್ಟಲೂ ಅವನಿಗೆ ತೋಚಲಿಲ್ಲವಂತೆ. ಕೊನೆಗೆ ಅಲ್-ಖೈದಾದ ಮೂವರು ಇರಾಕಿಗೆ ಹೋಗಿ ಅಣ್ವಸ್ತ್ರದ ವಿದ್ಯೆ ಕಲಿತರು ಅಂದ. ಹೆಸರು ಮರೆಯದಿರಲಿ ಅಂತ ನಿಜವಾದ ಸದಸ್ಯರ ಹೆಸರನ್ನೇ ಕೊಟ್ಟ.

ಪತ್ರಕರ್ತರು ಎಡವುವುದು ಇಲ್ಲೇ. ಹೆಸರು ತಾಳೆ ನೋಡಿದರೆ ತಾಳೆಯಾಗುತ್ತದೆ. ಮನುಷ್ಯರು ನಿಜ, ಪ್ರಯಾಣ ಸುಳ್ಳು.

ಇರಾಕ್ ಅಲ್-ಖೈದಾಕ್ಕೆ ರಾಸಾಯನಿಕ, ಜೈವಿಕ ಅಸ್ತ್ರಗಳ ತರಬೇತಿ ಕೊಟ್ಟಿತೆಂದು ಅವನಿಂದ ಬಂದ ಇನ್ನೊಂದು ಹೇಳಿಕೆಯನ್ನು ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆ 2002ರ ಫೆಬ್ರವರಿಯಲ್ಲೇ ಅನುಮಾನಿಸಿತ್ತು. ಆದರೂ 2003ರ ಫೆಬ್ರವರಿ 5ರಂದು ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಲಿಬಿಯ ಹೆಸರು ಹೇಳದೆ, ಅದನ್ನೇ ಮುಂದಿಟ್ಟರು. ಮುಂದಿನ ತಿಂಗಳೇ ಇರಾಕಿನ ಮೇಲೆ ದಾಳಿ. 2004ರ ಜನವರಿಯಲ್ಲಿ ಲಿಬಿ ಹೇಳಿಕೆ ಹಿಂದೆಗೆದುಕೊಂಡ.

ಸೆರೆಯಾಳಿನ ವಿಡಿಯೊ ಕೈಗೆ ಬಂದರೆ ಮೊದಲು ಆಡಿಯೊ ಆಫ್ ಮಾಡಿ ನೋಡಬೇಕು. ದೃಶ್ಯ ಎಲ್ಲೆಲ್ಲಿ ಕತ್ತರಿಸಿದೆ, ಕಣ್ಣು ಕ್ಯಾಮೆರಾದ ಪಕ್ಕಕ್ಕೆ ಎಷ್ಟು ಸಲ ಹೋಗುತ್ತದೆ, ಮುಖ ಊದಿದೆಯೇ. ಆಮೇಲೆ ವಿಚಾರಿಸಬೇಕಾದ್ದು: ಚಿತ್ರೀಕರಿಸಿದವರು ಯಾರು, ರೆಡ್‌ಕ್ರಾಸ್‌ನವರು ಅವನನ್ನು ನೋಡಿದ್ದಾರೆಯೇ. ಹೇಳಿದ ಸಂಗತಿಗೆ ಸೆರೆಯ ಹೊರಗಿನ ಪುರಾವೆ ಸಿಗದಿದ್ದರೆ ಅದು ಸೆರೆಹಿಡಿದವರ ಪ್ರಕಟಣೆ, ಅಷ್ಟೇ. 3ನೇ ಜಿನೀವಾ ಒಪ್ಪಂದದ 17ನೇ ವಿಧಿಯಂತೆ ಯುದ್ಧಕೈದಿ ಹೇಳಲೇಬೇಕಾದ್ದು ಹೆಸರು, ದರ್ಜೆ, ಹುಟ್ಟಿದ ದಿನ, ಕ್ರಮಸಂಖ್ಯೆ. 13ನೇ ವಿಧಿ ಅವನನ್ನು ಸಾರ್ವಜನಿಕ ಕುತೂಹಲದ ವಸ್ತು ಮಾಡಬಾರದು ಅನ್ನುತ್ತದೆ.

ನಮ್ಮವರಿಗೆ ಇದು ಗೊತ್ತಿಲ್ಲದ್ದೇನಲ್ಲ. 2019ರಲ್ಲಿ ನಮ್ಮ ವಾಯುಪಡೆಯ ಪೈಲಟ್ ಅಭಿನಂದನ್ ಬಿಡುಗಡೆಗೆ ಮುನ್ನ ಪಾಕಿಸ್ತಾನ ಹರಿಬಿಟ್ಟ ವಿಡಿಯೊದಲ್ಲಿ ಕತ್ತರಿಸಿದ ಜಾಗಗಳು ಎಲ್ಲರ ಕಣ್ಣಿಗೂ ಬಿದ್ದವು. ಎದುರಿನವನ ವಿಡಿಯೊ ಬಂದಾಗ ಆ ಕಣ್ಣು ಮಂಜಾಗುತ್ತದೆ! ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನಮ್ಮ ಸಾಕ್ಷ್ಯ ಕಾನೂನು 1872ರಿಂದಲೂ ಆರೋಪಿಯ ವಿರುದ್ಧ ಒಪ್ಪುವುದಿಲ್ಲ. ಸ್ಟುಡಿಯೊದಲ್ಲಿ ಮಾತ್ರ ಅದೇ ತೀರ್ಪು.

ಪಟ್ಟಿಯಲ್ಲಿ ಜಾಗ ಸಾಲದು ಅಂತೀರಾ? ‘ಬಾಯ್ಬಿಟ್ಟ ಸ್ಫೋಟಕ ಸತ್ಯ’ ಮೂರು ಪದ. ‘ವಶದಲ್ಲಿದ್ದಾಗಿನ ಹೇಳಿಕೆ’ ಎರಡೇ.