ಅಪ್ಪನಿಗಿಂತ ಚಿಕ್ಕ ಕಾಡು

ಬರ್ಲಿನ್‌ಗೆ ಹೋದವರು ಬ್ರಾಂಡೆನ್‌ಬರ್ಗ್ ಗೇಟ್ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೇಟ್ ದಾಟಿ ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಟಿಯರ್‌ಗಾರ್ಟನ್ ಸಿಗುತ್ತದೆ. ಅರ್ಧ ದಿನ ಅಲ್ಲೇ ಇರಿ.

500 ಎಕರೆಗೂ ಜಾಸ್ತಿ ಇರುವ ಪಾರ್ಕ್ ಅದು. ಮೊದಲು ದೊರೆಗಳು ಬೇಟೆಯಾಡುತ್ತಿದ್ದ ಕಾಡು. 1742ರಲ್ಲಿ ಪ್ರಷ್ಯದ ದೊರೆ ಎರಡನೇ ಫ್ರೆಡ್ರಿಕ್ ಬೇಲಿ ಕೀಳಿಸಿ ಜನರಿಗೆ ಬಿಟ್ಟುಕೊಟ್ಟ. ಮೇ ತಿಂಗಳ ಬಿಸಿಲಿನಲ್ಲೂ ಒಳಗೆ ತಂಪೋ ತಂಪು. "ಎಷ್ಟು ನೂರು ವರ್ಷದ ಮರಗಳೋ ಇವು" ಅಂದೆ. ಅಲ್ಲೇ ಕೆಲಸದಲ್ಲಿರುವ ನನ್ನ ತಮ್ಮ, "ಇಲ್ಲಕ್ಕಾ, ಇದರಲ್ಲಿ ಮುಕ್ಕಾಲು ಪಾಲು ನಮ್ಮಪ್ಪನಿಗಿಂತ ಚಿಕ್ಕವು" ಅಂದ. ಅಪ್ಪ ಹುಟ್ಟಿದ್ದು 1946ರಲ್ಲಿ.

ಅವನು ಮೊಬೈಲ್‌ನಲ್ಲಿ ಒಂದು ಹಳೆಯ ಫೋಟೋ ತೋರಿಸಿದ. ಹಿಂದೆ ಬಾಂಬ್ ಬಿದ್ದು ಹಾಳಾದ ರೈಖ್‌ಸ್ಟಾಗ್, ಅಂದರೆ ಜರ್ಮನಿಯ ಸಂಸತ್ತಿನ ಕಟ್ಟಡ. ಮುಂದೆ ಬಟಾಬಯಲು. ಆ ಬಯಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಬಗ್ಗಿ ಮಣ್ಣು ಅಗೆಯುತ್ತಿದ್ದಾರೆ. ಎರಡನೇ ಮಹಾಯುದ್ಧ ಮುಗಿದಾಗ ಊರಲ್ಲಿ ಕಲ್ಲಿದ್ದಲು ಇರಲಿಲ್ಲ, ಹೊಟ್ಟೆಗೂ ಇರಲಿಲ್ಲ. ಚಳಿ ತಡೆಯಲಾರದೆ ಜನ ಪಾರ್ಕಿನ ಮರ ಕಡಿದು ಒಲೆಗೆ ಹಾಕಿದರು. ಸುಮಾರು 2 ಲಕ್ಷ ಮರ ಇದ್ದ ಜಾಗದಲ್ಲಿ ಉಳಿದದ್ದು 700 ಮಾತ್ರ. ಖಾಲಿಯಾದ ನೆಲದಲ್ಲಿ ಆಲೂಗಡ್ಡೆ, ತರಕಾರಿ ಬೆಳೆದುಕೊಂಡರು.

ಮರ ಕಡಿದವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಮನೆಯಲ್ಲಿ ಮಗು ಚಳಿಗೆ ನಡುಗುತ್ತಿದ್ದರೆ ನಾನೂ ಕೊಡಲಿ ಹಿಡಿಯುತ್ತಿದ್ದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ. 1949ರ ಮಾರ್ಚ್ 17ರಂದು ಮೇಯರ್ ಅರ್ನ್ಸ್ಟ್ ರಾಯ್ಟರ್ ಅಲ್ಲಿ ಮೊದಲ ಲಿಂಡನ್ ಸಸಿ ನೆಟ್ಟರು. ಆಗ ಪಶ್ಚಿಮ ಬರ್ಲಿನ್‌ಗೆ ಸೋವಿಯತ್ ದಿಗ್ಬಂಧನ. ರಸ್ತೆ, ರೈಲು ಎಲ್ಲ ಬಂದ್. ಹಿಟ್ಟು, ಕಲ್ಲಿದ್ದಲು ಎಲ್ಲವೂ ವಿಮಾನದಲ್ಲೇ ಬರಬೇಕು. ಒಂದೊಂದು ಮೂಟೆಗೂ ಲೆಕ್ಕ. ಅಂಥ ವಿಮಾನಗಳಲ್ಲಿ ಸಸಿಗಳೂ ಬಂದವಂತೆ! ಹತ್ತು ವರ್ಷದಲ್ಲಿ ಜರ್ಮನಿಯ ಬೇರೆ ಬೇರೆ ಊರುಗಳಿಂದ ಬಂದ ಎರಡೂವರೆ ಲಕ್ಷ ಗಿಡ ನೆಟ್ಟರು. ಎಲ್ಲ ಸರಿಹೋದ ಮೇಲೆ ನೋಡೋಣ ಅಂತ ಅವರು ಕಾಯಲಿಲ್ಲ ಅಲ್ವಾ? ಹೊಟ್ಟೆ ಇನ್ನೂ ತುಂಬದೆ ಇದ್ದಾಗಲೇ ನೆರಳಿನ ಯೋಚನೆ ಮಾಡಿದರು. ನಾವು ಎಲ್ಲ ಸೌಕರ್ಯ ಇಟ್ಟುಕೊಂಡೂ ಪಾರ್ಕು ಅಂದರೆ ಖಾಲಿ ಬಿದ್ದ ಜಾಗ ಅಂದುಕೊಳ್ಳುತ್ತೇವೆ. ಅದು ನನಗೆ ತುಂಬಾ ನೋವು ಕೊಡುವ ವಿಷಯ.

ದಾರಿ ಪಕ್ಕದ ಒಂದು ಲಿಂಡನ್ ಮರದ ಹತ್ತಿರ ಹೋದೆ. ಎಲೆ ನಮ್ಮ ಅರಳಿ ಎಲೆಯ ಹಾಗೇ ಇದೆ, ತುದಿಯ ಬಾಲ ಮಾತ್ರ ಗಿಡ್ಡ. ಅಂಚು ಸಣ್ಣ ಗರಗಸದಂತೆ. ಕಾಂಡವನ್ನು ತಬ್ಬಿ ನೋಡಿದೆ, ನನ್ನ ಎರಡು ಕೈ ಸಾಲಲಿಲ್ಲ. ಅದೂ ಆ ಕಾಲದಲ್ಲಿ ನೆಟ್ಟದ್ದೇ ಇರಬೇಕು.

ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮಧ್ಯಾಹ್ನದ ನಿದ್ದೆ ಮುಗಿಸಿ ಕಾಫಿ ಕುಡಿಯುತ್ತಿದ್ದರು. ಕಥೆ ಹೇಳಿ, ಫೋನನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎತ್ತಿ ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಂದ್ಸಲ ತೋರಿಸಮ್ಮಾ" ಅಂದರು.