ಒಂದು ಪೆನ್ನು, ಎರಡು ಸುತ್ತು

ಬೇರೆ ಕೆಲಸದ ಇಂಟರ್ವ್ಯೂಗೆ ಹೋದರೆ ನಿಮಗೆ ಏನು ಗೊತ್ತು ಅಂತ ಕೇಳುತ್ತಾರೆ. ಸೇಲ್ಸ್ ಕೆಲಸಕ್ಕೆ ಹೋದರೆ ಬಾಗಿಲು ತಳ್ಳಿಕೊಂಡು ಒಳಗೆ ಬಂದ ರೀತಿಯಿಂದಲೇ ಅಳೆಯಲು ಶುರು. ಅಲ್ಲಿ ಮಾರಾಟಕ್ಕಿರುವ ಮೊದಲ ಮಾಲು ನಾವೇ ಅಲ್ವಾ.

ಮೊದಲ ಸುತ್ತು ಫೋನಿನಲ್ಲಿ. ಎಚ್‌ಆರ್‌ನವರು, "ಟಾರ್ಗೆಟ್ ಪ್ರೆಷರ್ ತಡ್ಕೋತೀರಾ?" ಅಂದರು. ಈ ಪ್ರಶ್ನೆಗೆ ಇಲ್ಲ ಅಂದ ಪುಣ್ಯಾತ್ಮರು ಯಾರಾದರೂ ಇದ್ದಾರಾ ಅಂತ ನನಗೆ ಕುತೂಹಲ. ತಡ್ಕೋತೀನಿ ಮೇಡಂ ಅಂದೆ. ಫೋನ್ ಇಟ್ಟ ಮೇಲೆ ಎರಡು ಲೋಟ ನೀರು ಕುಡಿದೆ.

ಎರಡನೆಯದು ಸೇಲ್ಸ್ ಮ್ಯಾನೇಜರ್ ಎದುರು. ಹಿಂದಿನ ಕೆಲಸ ಹೇಗಿತ್ತು ಅಂದರು. "ಚೆನ್ನಾಗೇ ಮಾಡಿದ್ದೆ ಸರ್" ಅಂದೆ. "ಚೆನ್ನಾಗಿ ಅಂದ್ರೆ ಎಷ್ಟು?" ಅಂದರು. ಟಾರ್ಗೆಟ್ ಎಷ್ಟು, ಮುಟ್ಟಿದ್ದು ಎಷ್ಟು, ಎಷ್ಟು ಜನರನ್ನು ಕಂಡರೆ ಒಂದು ಆರ್ಡರ್ ಬೀಳುತ್ತಿತ್ತು, ಮುಟ್ಟದ ತಿಂಗಳು ಏನು ಮಾಡಿದೆ, ಎಲ್ಲ ಲೆಕ್ಕದಲ್ಲೇ ಬೇಕು ಅವರಿಗೆ. ನಾನೋ ರಾತ್ರಿಯೆಲ್ಲ ಕನ್ನಡಿ ಮುಂದೆ ನಗು ಅಭ್ಯಾಸ ಮಾಡಿಕೊಂಡು ಬಂದವನು.

ಆಮೇಲೆ ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲೆ ಉರುಳಿಸಿದರು. "ಇದನ್ನ ನನಗೆ ಮಾರಿ."

ಬರುತ್ತೆ ಅಂತ ಗೊತ್ತಿದ್ದೂ ಸಿಕ್ಕಿಹಾಕಿಕೊಳ್ಳುವ ಪ್ರಶ್ನೆ ಇದು. ನೀಲಿ ಬಣ್ಣದ ಪೆನ್ನು, ತುದಿಯಲ್ಲಿ ಯಾರೋ ಕಚ್ಚಿದ ಗುರುತು. ಹಿಡಿತ ನೋಡಿ ಸರ್, ತೂಕ ನೋಡಿ, ಬೆಣ್ಣೆ ಥರ ಓಡುತ್ತೆ, ಇಡೀ ದಿನ ಬರೆದರೂ ಕೈ ನೋಯಲ್ಲ ಅಂತ ಉಸಿರು ಬಿಡದೆ ಹೊಗಳಿದೆ. ಅವರು ಪೆನ್ನು ತಗೊಂಡು ನನ್ನ ಬಯೋಡೇಟಾ ಮೇಲೆ ಗೀಚಿದರು. ಬರೆಯಲಿಲ್ಲ. ರೀಫಿಲ್ ಖಾಲಿ.

"ನೀವು ಬರೆದು ನೋಡಲೇ ಇಲ್ಲ. ನನಗೆ ಪೆನ್ನು ಬೇಕಾ ಅಂತಲೂ ಕೇಳಲಿಲ್ಲ" ಅಂದು ಅದನ್ನು ನನ್ನ ಕಡೆ ತಳ್ಳಿದರು.

ನೀಲ್ ರಾಕ್‌ಹ್ಯಾಮ್ ಎಂಬಾತ ತನ್ನ ತಂಡದ ಜೊತೆ 12 ವರ್ಷ ಕೂತು, 35,000 ಸೇಲ್ಸ್ ಭೇಟಿಗಳನ್ನು ಗಮನಿಸಿ, 1988ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದೇ: ದೊಡ್ಡ ವ್ಯಾಪಾರದಲ್ಲಿ ಗೆಲ್ಲುವವರು ಸರಿಯಾದ ಪ್ರಶ್ನೆ ಕೇಳಿ ಗಿರಾಕಿಯ ಬಾಯಿಂದಲೇ ಅವನ ತೊಂದರೆ ಹೇಳಿಸುತ್ತಾರೆ. ನಾನು ಇದನ್ನು ಓದಿದ್ದು ಆಮೇಲೆ. ಬುದ್ಧಿ ಯಾವಾಗಲೂ ಮುಂದಿನ ಬಸ್ಸಿಗೇ ಬರುವುದು.

ಕೊನೆಗೆ ನಿಮಗೇನಾದ್ರೂ ಕೇಳೋದಿದೆಯಾ ಅಂದರು. ಹೇಗೂ ಕೆಲಸ ಕೈತಪ್ಪಿತು ಅನ್ನುವ ಧೈರ್ಯದಲ್ಲಿ ಕೇಳಿಯೇಬಿಟ್ಟೆ. ಸಂಬಳದಲ್ಲಿ ಫಿಕ್ಸೆಡ್ ಎಷ್ಟು, ಇನ್ಸೆಂಟಿವ್ ಎಷ್ಟು? ಕಳೆದ ವರ್ಷ ನಿಮ್ಮ ಟೀಮಿನಲ್ಲಿ ಎಷ್ಟು ಜನ ಟಾರ್ಗೆಟ್ ಮುಟ್ಟಿದ್ರು? ಈ ಸೀಟಿನಲ್ಲಿ ಮುಂಚೆ ಇದ್ದವರು ಯಾಕೆ ಬಿಟ್ಟರು?

ಮೂರನೆಯದಕ್ಕೆ ಅವರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. ಆಮೇಲೆ ಶುರುವಾಯಿತು ನೋಡಿ. ನಮ್ಮಲ್ಲಿ ಬೆಳೆಯೋಕೆ ಜಾಗ ಇದೆ, ಟೀಮ್ ಮನೆ ಥರ, ಟ್ರೇನಿಂಗ್ ಚೆನ್ನಾಗಿದೆ, ಆಕಾಶವೇ ಮಿತಿ ಅಂತ ಹತ್ತು ನಿಮಿಷ ಬಿಡದೆ ಹೇಳಿದರು, ಕೇಳಿದ್ದಕ್ಕೆ ಮಾತ್ರ ಉತ್ತರ ಬರಲಿಲ್ಲ. ಖಾಲಿ ರೀಫಿಲ್ಲಿನ ಪೆನ್ನು ಈಗ ಅವರ ಕೈಯಲ್ಲಿ ಅನ್ನಿಸಿ ನಗು ಬಂತು, ತಡೆದುಕೊಂಡೆ.

ತಿಳಿಸ್ತೀವಿ ಅಂದರು. ವಾರವಾದರೂ ಫೋನಿಲ್ಲ. ನಾವಾಗಿ ಮಾಡಿದರೆ ಆತುರಗಾರ, ಮಾಡದಿದ್ದರೆ ಫಾಲೋ-ಅಪ್ ಗೊತ್ತಿಲ್ಲದವನು. ಹೀಗೆ ಒದ್ದಾಡುತ್ತಾ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಸಿಕ್ಕಿತು, ಕಚ್ಚಿದ ತುದಿಯ ನೀಲಿ ಪೆನ್ನು. ಗಾಬರಿಯಲ್ಲಿ ಎತ್ತಿಕೊಂಡು ಬಂದುಬಿಟ್ಟಿದ್ದೆ.

ಹೊಸ ರೀಫಿಲ್ ಹಾಕಿದೆ. ಒಂದು ಹಾಳೆಯ ಮೇಲೆ ನಾಲ್ಕು ಸಲ ಗೀಚಿ ನೋಡಿ, ಫೋನ್ ಮಾಡಿದೆ.

"ಸರ್, ನಿಮ್ಮ ಪೆನ್ನು ನನ್ನ ಹತ್ತಿರ ಉಳಿದುಬಿಟ್ಟಿದೆ. ಈಗ ಬರೆಯುತ್ತೆ. ಯಾವಾಗ ತಂದುಕೊಡಲಿ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಾಳೆ ಹತ್ತೂವರೆಗೆ ಬನ್ನಿ" ಅಂದರು.